ಬಲಗಣ್ಣಿನ ಪಾಲು

ಲುಂಖೂ ರಾಜ್ಯದಲ್ಲಿ ಆ ವರ್ಷಕ್ಕೆ ಉಳಿದಿದ್ದದ್ದು ಮೂರೂವರೆ ಊರು, ಹೊಳೆಗೆ ಒಂದು ಸೇತುವೆ, ಮತ್ತೆ ಜೈತಸಿಂ ಪ್ರಧಾನರು. ಅರ್ಧ ಊರು ಅಂದರೆ ಥಂಪಾ. ಅದರ ಮೇಲಿನ ಕೇರಿಯನ್ನು ಪಶ್ಚಿಮದ ಗುಡ್ಡದ ರಾಜ ಹೋದ ಚಳಿಗಾಲದಲ್ಲಿ ನುಂಗಿದ್ದ. ಕೆಳಗಿನ ಕೇರಿಯವರು ಹಬ್ಬಕ್ಕೆ ಈಗಲೂ ಲುಂಖೂಗೇ ಬರುತ್ತಿದ್ದರು.

ಪ್ರಧಾನರು ನಾಲ್ಕು ರಾಜರನ್ನು ಗದ್ದಿಗೆಗೆ ಏರಿಸಿದ್ದರು, ಮೂವರನ್ನು ಇಳಿಸಿದ್ದರು. ಮೊದಲನೆಯವನು ಕಾಶಿಗೆ ಹೋದ. ಎರಡನೆಯವನು ಬೇಟೆಗೆ ಹೋದ. ಮೂರನೆಯವನು ಕಿಟಕಿಯಿಂದ ಬಗ್ಗಿ ಪಾರಿವಾಳ ನೋಡುತ್ತಿದ್ದವನು ಹಾಗೇ ಹೋದ. ನಾಲ್ಕನೆಯವನು ಇಂದ್ರಜಯ, ಹತ್ತೊಂಬತ್ತು ವರ್ಷದವನು. ಅವನು ಇನ್ನೂ ಇದ್ದ.

ಇದೆಲ್ಲ ತೇಜಮಯಿಗೆ ಗೊತ್ತಿದ್ದದ್ದು ಎಣ್ಣೆಯಿಂದ. ಪ್ರಧಾನರಿಗೆ ದಿನಾ ಬೆಳಿಗ್ಗೆ ಮಾಳಿಗೆಯ ಬಿಸಿಲಿಗೆ ಬೋರಲು ಮಲಗಿ ಬೆನ್ನಿಗೆ ಸಾಸಿವೆ ಎಣ್ಣೆ ಹಚ್ಚಿಸಿಕೊಳ್ಳಬೇಕು. ಗೋಡೆಗೆ ಕಿವಿ ಇರುತ್ತದೆ, ಮಾಳಿಗೆಗೆ ಗೋಡೆಯೇ ಇಲ್ಲ ಎಂದು ಅವರ ಲೆಕ್ಕಾಚಾರ. ಹಾಗಾಗಿ ಗುಟ್ಟಿನ ಮಾತೆಲ್ಲ ಅಲ್ಲೇ. ಎಣ್ಣೆ ಹಚ್ಚುವ ಹೆಂಡತಿಗೂ ಕಿವಿ ಇದೆ ಎಂಬುದು ಅವರ ತಲೆಗೆ ಯಾವತ್ತೂ ಹೋಗಿರಲಿಲ್ಲ. ಹದಿಮೂರಕ್ಕೆ ಮದುವೆಯಾಗಿ ಬಂದ ತೇಜಮಯಿ ಮಾತು ಕಡಿಮೆಯ ಹೆಂಗಸು. ಐವತ್ತಾರು ವರ್ಷ ಆ ಬೆನ್ನು ತಿಕ್ಕಿದ ಅವಳಿಗೆ ಲುಂಖೂವಿನ ರಾಜದ್ರೋಹಗಳೆಲ್ಲ ಒಂದೂ ಬಿಡದೆ ಗೊತ್ತಿದ್ದವು.

ನವರಾತ್ರಿಯ ಮೋಹನಿ ಹಬ್ಬದ ಆರನೆಯ ದಿನ ಕೋಟೆಯ ಕಾವಲುಪಡೆಯ ಉಮರಾವ ಗಜಸಿಂ ಮಾಳಿಗೆ ಹತ್ತಿ ಬಂದ. ಬಂದವನು ಬಿಸಿಲಿಗೆ ಒಣಗಿಸಿದ್ದ ಮೆಣಸಿನಕಾಯಿಯ ಪಕ್ಕ ಕೂತು ಒಂದು ಸೀನು ಸೀನಿದ.

"ಹುಣ್ಣಿಮೆ ದಿನಾನೇ ಅಂತೀರಾ?" ಎಂದ.

"ಹುಣ್ಣಿಮೆ ದಿನಾನೇ," ಎಂದರು ಪ್ರಧಾನರು, ಮುಖ ಚಾಪೆಗಿಟ್ಟುಕೊಂಡೇ. "ಹಬ್ಬ ಮುಗಿದಿರುತ್ತೆ. ಊರೆಲ್ಲ ಹೊಟ್ಟೆ ಬಿರಿಯ ತಿಂದು ಬಿದ್ಕೊಂಡಿರುತ್ತೆ. ಪೂರ್ವದ ರಾಜ್ಯದೋರ ಮುನ್ನೂರು ಜನ ಸೇತುವೆ ದಾಟ್ತಾರೆ. ನೀನು ಕೋಟೆ ಬಾಗಿಲು ತೆಗಿ, ಸಾಕು. ಮಾರನೇ ದಿನ ಅವರ ರಾಜನ ತಮ್ಮನಿಗೆ ಪಟ್ಟ."

"ಮತ್ತೆ ಹುಡುಗ?"

"ಹುಡುಗನಿಗೆ ಗಾಳಿಪಟ ಅಂದ್ರೆ ಜೀವ. ಅರಮನೆಯ ಹೆಂಚಿನ ಮಾಡು ಬಹಳ ಎತ್ತರ." ಪ್ರಧಾನರು ಒಂದು ಸಲ ಮೈ ಸಡಿಲ ಬಿಟ್ಟರು. "ಇನ್ನೊಂಚೂರು ಕೆಳಗೆ ಕಣೆ. ಅಲ್ಲೇ, ಸೊಂಟದ ಹತ್ರ."

ತೇಜಮಯಿಯ ಕೈ ಒಂದು ಗಳಿಗೆ ನಿಂತಿತು, ಮತ್ತೆ ತಿಕ್ಕಿತು.

ಹುಟ್ಟಿದ ದಿನವೇ ತಾಯಿ ಕಳಕೊಂಡ ಇಂದ್ರಜಯನನ್ನು ಆರು ವರ್ಷದವರೆಗೆ ಈ ಮನೆಯ ಅಟ್ಟದ ಅಡುಗೆಮನೆಯಲ್ಲಿ ಸಾಕಿದವಳು ಅವಳು. ಅಜ್ಜಿ ಎನ್ನಲು ಬರದಿದ್ದ ಕಾಲದ ಹಾಗೆ, ಅವನು ಈಗಲೂ ಅವಳನ್ನು ಅಜಿ ಎನ್ನುತ್ತಿದ್ದ. ಪಟ್ಟಕ್ಕೆ ಬಂದ ಮೇಲೂ ವಾರಕ್ಕೆರಡು ಸಲ ಏಣಿ ಹತ್ತಿ ಬಂದು, ಸುಟ್ಟ ಮಾಂಸಕ್ಕೆ ಮೆಂತ್ಯದ ಒಗ್ಗರಣೆ ಹಾಕಿಸಿಕೊಂಡು ತಿಂದು, ಕೈಯನ್ನು ಅವಳ ಸೆರಗಿಗೆ ಒರೆಸಿ ಹೋಗುತ್ತಿದ್ದ.

ಅವನಿಗೆ ಹೋಗಿ ಹೇಳಿಬಿಡುವುದು ಸುಲಭ. ಹೇಳಿದರೆ ಅವನು ಪ್ರಧಾನರ ತಲೆ ತೆಗೆಸಲೇಬೇಕು. ಕರುಣೆ ತೋರಿಸಿ ಬಿಟ್ಟರೆ, ಗುಟ್ಟು ಒಡೆಯಿತೆಂಬ ಹೆದರಿಕೆಯಲ್ಲಿ ಉಮರಾವನೇ ಇಬ್ಬರನ್ನೂ ಮುಗಿಸುತ್ತಾನೆ. ಸುಮ್ಮನಿದ್ದರೆ ಹುಡುಗ ಮಾಡಿನಿಂದ ಬೀಳುತ್ತಾನೆ. ಹೇಗೆ ತಿರುಗಿಸಿದರೂ ಒಬ್ಬ ಹೋಗುತ್ತಿದ್ದ. ತೇಜಮಯಿಗೆ ಇಬ್ಬರೂ ಬೇಕಿತ್ತು. ಹುಡುಗ ಅವಳ ಕೂಸು. ಮುದುಕ ಎಷ್ಟು ಕೆಟ್ಟವನಾದರೂ ಅವಳ ಮುದುಕ.

ಅವಳಿಗೆ ಹೊಳೆದದ್ದು ರಥ.

ಎಪ್ಪತ್ತೇಳು ವರ್ಷ, ಏಳು ತಿಂಗಳು, ಏಳು ದಿನ ತುಂಬಿದವರನ್ನು ಲುಂಖೂವಿನಲ್ಲಿ ಮನುಷ್ಯರೆಂದು ಎಣಿಸುವುದಿಲ್ಲ. ಮಕ್ಕಳು ಮೊಮ್ಮಕ್ಕಳು ಸೇರಿ ರಥಕ್ಕೆ ಕೂರಿಸಿ ಊರು ಸುತ್ತಿಸುತ್ತಾರೆ, ಇಳಿಯುವಾಗ ಅವರು ದೇವರು. ದಿನ ಗೊತ್ತಾದ ಗಳಿಗೆಯಿಂದಲೇ ಅವರು ಆಯುಧ ಮುಟ್ಟುವಂತಿಲ್ಲ, ಮುದ್ರೆ ಒತ್ತುವಂತಿಲ್ಲ, ಅವರ ಕಿವಿಗೆ ಹೊಲಸು ಮಾತು ಹಾಕಿದವರ ನಾಲಿಗೆಗೆ ಹುಳ ಬೀಳುತ್ತದೆ. ದೇವರಿಗೆ ರಾಜಕಾರಣ ಇಲ್ಲ.

ಪ್ರಧಾನರಿಗೆ ಆ ಚೈತ್ರಕ್ಕೆ ಎಪ್ಪತ್ತೇಳು ತುಂಬಿತ್ತು. ಆದರೆ ಅದು ಅವರಿಗೆ ಮತ್ತು ತೇಜಮಯಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ, ಹಳೆಯ ಪ್ರಧಾನನೊಬ್ಬ ಒಳ್ಳೆಯ ಪಿತೂರಿಯ ನಟ್ಟನಡುವೆ ಇದ್ದಾಗಲೇ ಅವನ ಮಕ್ಕಳು ಬಂದು ರಥ ಹತ್ತಿಸಿಬಿಟ್ಟಿದ್ದರು. ಆಮೇಲೆ ಅವನು ಹತ್ತು ವರ್ಷ ಬದುಕಿದ್ದ. ಬಂದವರ ಹಣೆಗೆ ಅಕ್ಷತೆ ಇಡುವುದೊಂದೇ ಕೆಲಸ. ಅದನ್ನು ನೋಡಿ ಬಂದ ದಿನವೇ ಜೈತಸಿಂ ಜೋಯಿಸನನ್ನು ಕರೆಸಿ ತನ್ನ ಜಾತಕವನ್ನು ಹೊಸದಾಗಿ ಬರೆಸಿದರು. ಐದು ವರ್ಷ ಕಡಿಮೆಯಾಯಿತು. ಆ ಜೋಯಿಸ ಸತ್ತ. ಅವನ ಮಗನಿಗೆ, ಊರಿಗೆ, ಅರಮನೆಗೆ, ಈಗ ಪ್ರಧಾನರಿಗೆ ಎಪ್ಪತ್ತೆರಡು.

ಜಾತಕದ ಎದುರು ಹೆಂಡತಿಯ ಮಾತು ನಿಲ್ಲುವುದಿಲ್ಲ. ಮಾತು ಅವರ ಬಾಯಿಂದಲೇ ಬರಬೇಕು, ಅದೂ ನಾಲ್ಕು ಜನರ ಮುಂದೆ. ಹುಣ್ಣಿಮೆಗೆ ಇದ್ದದ್ದು ಒಂಬತ್ತು ದಿನ.

ಮಾರನೆಯ ದಿನ ತೇಜಮಯಿ ಒಂದು ಬುಟ್ಟಿ ಅವಲಕ್ಕಿ ಹೊತ್ತು ಕೊಳದ ದಂಡೆಗೆ ಹೋದಳು. ಅಲ್ಲಿ ಹರ್ಖಧನನ ಮನೆ. ಹರ್ಖಧನ ಪ್ರಧಾನರ ದೊಡ್ಡಪ್ಪನ ಮಗ, ಎಪ್ಪತ್ತನಾಲ್ಕು ವರ್ಷ, ಬಾತುಕೋಳಿ ಸಾಕಿಕೊಂಡಿದ್ದ. ಸಾಧು ಮನುಷ್ಯ, ದನಿ ಮಾತ್ರ ಡೋಲಿನದು. ಕುಲದ ಹಿರಿಯಜ್ಜ ಮಳೆಗಾಲದಲ್ಲಿ ತೀರಿಕೊಂಡಿದ್ದರಿಂದ, ಬರೆದಿಟ್ಟ ವಯಸ್ಸಿನ ಪ್ರಕಾರ ಈಗ ಕುಲಕ್ಕೆ ಹಿರಿಯ ಅವನೇ. ಪಾಪ, ಅದು ಅವನಿಗೆ ಇನ್ನೂ ಹೊಳೆದಿರಲಿಲ್ಲ.

"ಭಾವ, ನಾಳೆ ಅಷ್ಟಮಿ ಊಟಕ್ಕೆ ಹಿರಿಯರ ಗಾದಿ ಮೇಲೆ ನೀವೇ ಕೂರಬೇಕು," ಎಂದಳು ತೇಜಮಯಿ, ನೆಲ ನೋಡುತ್ತ.

"ನಾನಾ? ಪ್ರಧಾನ ಇದ್ದಾನಲ್ಲ."

"ಅವರು ನಿಮಗಿಂತ ಎರಡು ವರ್ಷ ಚಿಕ್ಕೋರು."

ಹರ್ಖಧನ ಬೆರಳು ಮಡಚಿ ನೋಡಿದ. "ಹೌದಲ್ವೇ. ಹಾಗಾದ್ರೆ ಅವನು ಬಂದು ನನ್ನ ಕಾಲಿಗೆ ಬೀಳ್ಬೇಕು."

"ಬೀಳ್ತಾರೆ."

"ಕುರಿ ತಲೆ ಹಂಚುವಾಗ ಬಲಗಣ್ಣು ನಂಗೆ."

"ನಿಮಗೇ ಭಾವ."

ಹರ್ಖಧನ ಕೊಳದ ಕಡೆ ತಿರುಗಿ, "ಕೇಳಿಸ್ತೇನ್ರೋ?" ಎಂದು ಬಾತುಗಳನ್ನು ಕೇಳಿದ.

ಅಷ್ಟಮಿಯ ದಿನ ಕುಲದವರೆಲ್ಲ ಪ್ರಧಾನರ ಮನೆಯ ಉದ್ದನೆಯ ಪಡಸಾಲೆಯಲ್ಲಿ ಒಂದೇ ಸಾಲಾಗಿ ಕೂತರು. ಲುಂಖೂವಿನಲ್ಲಿ ಪಂಕ್ತಿಗೆ ಅಧಿಕಾರ ಗೊತ್ತಿಲ್ಲ, ವಯಸ್ಸೊಂದೇ ಗೊತ್ತು. ರಾಜನ ಚಿಕ್ಕಪ್ಪನಾದರೂ ಕುಂಬಾರನಾದರೂ ಮೊದಲು ಹುಟ್ಟಿದವನು ಮೇಲೆ. ಹರ್ಖಧನ ಕೆಂಪು ಅಂಚಿನ ಹೊಸ ಟೋಪಿ ಹಾಕಿಕೊಂಡು ಗಾದಿಯ ಮೇಲೆ ಕೂತಿದ್ದ. ಎರಡನೆಯ ಎಲೆ ಪ್ರಧಾನರದು.

"ಬಾ ತಮ್ಮಾ," ಎಂದ ಹರ್ಖಧನ. ಆ ದನಿಗೆ ಜಂತೆಯ ಮೇಲಿನ ಗುಬ್ಬಿ ಹಾರಿತು. "ನಾಚ್ಕೋಬೇಡ, ಬಾ."

ಪ್ರಧಾನರು ಬಂದರು, ಬಗ್ಗಿದರು, ಬಾತುಕೋಳಿಯ ವಾಸನೆ ಹೊಡೆಯುವ ಆ ಪಾದಕ್ಕೆ ಹಣೆ ಮುಟ್ಟಿಸಿದರು, ನಗುತ್ತಲೇ ಎದ್ದರು. ಬಡಿಸುತ್ತಿದ್ದ ತೇಜಮಯಿ ವಾರೆಗಣ್ಣಲ್ಲಿ ಅವರ ಮುಖ ನೋಡಿದಳು. ಒಂದು ನೆರಿಗೆ ಅಲುಗಿರಲಿಲ್ಲ.

ಊಟದ ಉದ್ದಕ್ಕೂ ಹರ್ಖಧನ ತಮ್ಮನಿಗೆ ಬುದ್ಧಿ ಹೇಳಿದ. ಅವಲಕ್ಕಿ ಚೆನ್ನಾಗಿ ಅಗಿದು ತಿನ್ನು, ರಾತ್ರಿ ಹೊತ್ತು ಮೊಸರು ಬೇಡ, ಅರಮನೆಯಲ್ಲಿ ದೊಡ್ಡವರ ಮಾತು ಕೇಳು. ಪ್ರಧಾನರು ಎಲ್ಲಕ್ಕೂ "ಆಗ್ಲಿ ಅಣ್ಣ" ಎಂದರು. ಆಮೇಲೆ ಅಟ್ಟದಲ್ಲಿ ಬಾಯಿ ತೊಳೆಯುತ್ತ, "ಗಾದಿ ಮೇಲೆ ಕೂತ ಬಾತುಕೋಳಿ ನೋಡಿದ್ದೀಯಾ? ಇವತ್ತು ನೋಡ್ದೆ," ಎಂದರು.

"ನಿಮಗೆ ಬೇಜಾರಾಗಲಿಲ್ವೇ?" ಎಂದಳು ತೇಜಮಯಿ.

"ಬಗ್ಗಿದ ತಲೇನ ಯಾರೂ ಕಡಿಯಲ್ಲ ಕಣೆ. ನಾನು ಬಗ್ಗಿ ಬಗ್ಗಿಯೇ ಇಷ್ಟು ಎತ್ತರ ಬೆಳೆದಿದ್ದು."

ತೇಜಮಯಿಯ ಲೆಕ್ಕ ತಪ್ಪಿತ್ತು. ಗಾದಿ ಬೇರೆಯವನಿಗೆ ಹೋದರೆ ಸಿಟ್ಟಿನಲ್ಲಿ ನಿಜವಾದ ವಯಸ್ಸು ಆಡಿಬಿಡುತ್ತಾರೆ ಎಂದುಕೊಂಡಿದ್ದಳು. ನಲವತ್ತು ವರ್ಷ ರಾಜರ ಕಾಲಿಗೆ ಬಿದ್ದು ಅದೇ ಕಾಲನ್ನು ಎಳೆದವರಿಗೆ ಹರ್ಖಧನನ ಕಾಲು ಯಾವ ಲೆಕ್ಕ ಎಂಬುದನ್ನು ಅವಳು ಯೋಚಿಸಿರಲಿಲ್ಲ.

ಒಂಬತ್ತನೆಯ ದಿನ ಬಲಿ ಆಯಿತು. ಕುರಿಯ ತಲೆ ಬೇಯಿಸಿ, ಹಿತ್ತಾಳೆ ಹರಿವಾಣದಲ್ಲಿಟ್ಟು ತಂದರು. ಮತ್ತೆ ಅದೇ ಸಾಲು. ಇವತ್ತು ಇಂದ್ರಜಯನೂ ಬಂದಿದ್ದ. ಕುಲದವನಲ್ಲವಾದ್ದರಿಂದ ಕಿಟಕಿಯ ಹತ್ತಿರ ಬೇರೆ ಚಾಪೆ ಹಾಕಿಸಿಕೊಂಡು, ರಾಜ ಎನ್ನುವುದನ್ನು ಮರೆತು ಮೂಳೆ ಚೀಪುತ್ತ ಕೂತಿದ್ದ. ಜಾತಕ ನೋಡುವ ಕಿರಿಯ ಜೋಯಿಸ ಅವನ ಪಕ್ಕದಲ್ಲಿ.

ಕಟುಕ ತಲೆಯನ್ನು ಬಿಡಿಸಿ ಹಂಚತೊಡಗಿದ. ಬಲಗಣ್ಣು ಹಿರಿಯನಿಗೆ, ಎಡಗಣ್ಣು ಎರಡನೆಯವನಿಗೆ, ಆಮೇಲೆ ಬಲಗಿವಿ, ಎಡಗಿವಿ, ಮೂಗು, ನಾಲಿಗೆ, ಹೀಗೆ ಎಂಟು ಪಾಲು. ಎಡಗಣ್ಣು ಎಲೆಗೆ ಬಿದ್ದಾಗಲೂ ಪ್ರಧಾನರು ನಗುತ್ತಿದ್ದರು. ಅವರು ರಾಜನ ಕಡೆ ತಿರುಗಿ ಬಹಳ ಪ್ರೀತಿಯಿಂದ ಹೇಳಿದರು.

"ಹುಣ್ಣಿಮೆ ಹೊತ್ತಿಗೆ ಗಾಳಿ ಚೆನ್ನಾಗಿ ಬೀಸುತ್ತೆ ದೊರೆ. ಈ ಸಲ ಗಾಳಿಪಟಾನ ಅರಮನೆ ಮಾಡಿನ ಮೇಲಿಂದಾನೇ ಹಾರಿಸಿ. ನಾನೇ ಏಣಿ ಹಾಕಿಸ್ತೀನಿ."

"ನಿಜವಾಗ್ಲೂ?" ಹುಡುಗನ ಮುಖ ಅರಳಿತು. "ಅಜಿ, ಕೇಳಿದ್ಯಾ? ಇಷ್ಟು ವರ್ಷ ಮಾಡು ಹತ್ತೋಕೇ ಬಿಟ್ಟಿರಲಿಲ್ಲ."

ತೇಜಮಯಿ ಉದ್ದ ಮೂತಿಯ ಹೂಜಿಯಿಂದ ಎತ್ತರಕ್ಕೆ ಹಿಡಿದು ಹರ್ಖಧನನ ಬಟ್ಟಲಿಗೆ ಹೆಂಡ ಬಗ್ಗಿಸುತ್ತಿದ್ದಳು. ಐವತ್ತಾರು ವರ್ಷ ಬಡಿಸಿದ ಈ ಸಾಲಿನಲ್ಲಿ ಅವಳು "ಇನ್ನೂ ಸ್ವಲ್ಪ?" ಎನ್ನುವುದು ಬಿಟ್ಟು ಬೇರೆ ಮಾತು ಆಡಿದವಳಲ್ಲ. ಅವಳು ಧಾರೆ ಕಡಿಯಗೊಡಲಿಲ್ಲ.

"ಭಾವ," ಎಂದಳು. ಸಾಲಿನ ತಲೆಗಳೆಲ್ಲ ಮೇಲೆದ್ದವು. "ಮಕ್ಕಳು ಕೇಳ್ತಿವೆ. ಅರಮನೆಗೆ ಆನೆ ಬಂದ ಕಥೆ ಹೇಳಿ."

ಹರ್ಖಧನನಿಗೆ ಅಷ್ಟೇ ಸಾಕಿತ್ತು. ಆ ಕಥೆಯನ್ನು ಅವನು ಪ್ರತಿ ಹಬ್ಬಕ್ಕೂ ಹೇಳುತ್ತಿದ್ದ. ಪ್ರತಿ ಹಬ್ಬದ ಮಾರನೆಯ ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ ಪ್ರಧಾನರು ಚಾಪೆಗೆ ಬಾಯಿಟ್ಟು ಅದಕ್ಕಾಗಿ ಅವನನ್ನು ಬೈಯುತ್ತಿದ್ದರು. ಅದು ತೇಜಮಯಿಗೆ ಮಾತ್ರ ಗೊತ್ತಿದ್ದ ಸಂಗತಿ. ಆದರೆ ಇದುವರೆಗೆ ಅವನು ಅದನ್ನು ಸಾಲಿನಲ್ಲಿ ಕೂತು ಹೇಳಿದ್ದ. ಇವತ್ತು ಗಾದಿಯ ಮೇಲಿಂದ ಹೇಳಿದ.

"ಬಯಲುಸೀಮೆ ರಾಜ ನಮ್ಮ ದೊರೆಗೆ ಆನೆ ಕಳಿಸಿದ್ದ. ಊರಿಗೆ ಊರೇ ನೋಡೋಕೆ ಓಡ್ತು. ಇವನು," ಎಂದು ಹರ್ಖಧನ ಪ್ರಧಾನರ ಹೆಗಲಿಗೆ ಕೈ ಹಾಕಿದ, "ನಂಗೂ ಆನೆ, ನಂಗೂ ಆನೆ ಅಂತ ಒಂದೇ ಅಳು. ಪುಟಾಣಿ ಮಗು. ನಾನೇ ಬೆನ್ನ ಮೇಲೆ ಹೊತ್ಕೊಂಡು ಹೋದೆ. ಕೋಟೆ ಬಾಗಿಲಿಂದ ಕೊಳದ ತನಕ."

"ಆಗ ನಿಮಗೆಷ್ಟು ವಯಸ್ಸು ಅಜ್ಜ?" ಎಂದ ಇಂದ್ರಜಯ ಕಿಟಕಿಯ ಹತ್ತಿರದಿಂದ.

"ನಂಗಾ? ನಾಲ್ಕು."

"ಪ್ರಧಾನರಿಗೆ?"

"ಎರಡು."

"ನಾಲ್ಕು ವರ್ಷದೋರು ಎರಡು ವರ್ಷದೋರನ್ನ ಹೊತ್ಕೊಂಡು ಹೋದ್ರಾ?"

"ನಾನು ಆಗ್ಲೇ ಗಟ್ಟಿ ದೊರೆ," ಎಂದ ಹರ್ಖಧನ. ಅವನು ಸುಳ್ಳು ಹೇಳುತ್ತಿರಲಿಲ್ಲ. ಯಾರೋ ಯಾರನ್ನೋ ಹೊತ್ತದ್ದು ಅವನಿಗೆ ನೆನಪಿತ್ತು. ಜಾತಕದಲ್ಲಿ ತಾನು ದೊಡ್ಡವನಾದ ಮೇಲೆ ಹೊತ್ತವನು ತಾನೇ ಇರಬೇಕಲ್ಲವೇ? ಇಪ್ಪತ್ತೈದು ವರ್ಷದಿಂದ ಅವನ ನೆನಪು ಜಾತಕಕ್ಕೆ ಸರಿಯಾಗಿ ಜರುಗಿ ಕೂತಿತ್ತು. "ಇವನು ಮಾತ್ರ ಏನು ಮಾಡ್ದ ಗೊತ್ತಾ? ಆನೆ ಘೀಳಿಟ್ಟಿದ್ದೇ ತಡ, ಹೆದರಿ ನನ್ನ ಬೆನ್ನ ಮೇಲೆ ಉಚ್ಚೆ ಹೊಯ್ದುಬಿಟ್ಟ. ಬೆಚ್ಚಗೆ ಇಳೀತು ನೋಡಿ, ಇಲ್ಲೀ ತನಕ."

ಮಕ್ಕಳು ಉರುಳಾಡಿ ನಕ್ಕವು. ಸೊಸೆಯಂದಿರು ಸೆರಗು ಬಾಯಿಗೆ ತುರುಕಿಕೊಂಡರು. ರಾಜನೂ ನಕ್ಕ.

ಪ್ರಧಾನರ ಕೆನ್ನೆ ಅದುರಿತು. ಜೀವಮಾನವೆಲ್ಲ ಅವರು ಸುಳ್ಳು ಹೇಳಿದ್ದರು, ಸುಳ್ಳು ಬರೆಸಿದ್ದರು, ಸುಳ್ಳಿನ ಮೇಲೆ ರಾಜರನ್ನು ಕೂರಿಸಿದ್ದರು. ಆದರೆ ಅವೆಲ್ಲ ಅವರೇ ಆಡಿದ ಸುಳ್ಳುಗಳು.

"ಅಣ್ಣ, ಸಾಕು," ಎಂದರು.

"ನಾಚ್ಕೋಬೇಡ್ವೋ. ಮಗು ತಾನೇ. ಮಗು ಅಂದ್ಮೇಲೆ ಹೊಯ್ಯುತ್ತೆ."

"ಹೊಯ್ದಿದ್ದು ನೀನು."

ಪ್ರಧಾನರ ದನಿಗೆ ಸಾಲೆಲ್ಲ ಇತ್ತ ತಿರುಗಿತು.

"ನಾನು ನಿನ್ನನ್ನ ಹೊತ್ತಿದ್ದು ಕಣೋ ದಡ್ಡ," ಎಂದರು ಪ್ರಧಾನರು ಎದ್ದು ನಿಂತು. ಎಡಗಣ್ಣು ಎಲೆಯಿಂದ ಉರುಳಿತು. "ನಿಂಗೆ ನಾಲ್ಕು, ನಂಗೆ ಏಳು. ನನ್ನ ಹೊಸ ಅಂಗಿ ಮೇಲೆ ಹೊಯ್ದೆ ನೀನು. ಹಳದಿ ಅಂಗಿ. ಅಮ್ಮ ನಂಗೇ ಹೊಡೆದ್ಲು. ಆ ಆನೆಗೆ ಕಬ್ಬು ಕೊಡೋಕೆ ಹೋಗಿ ಬಿದ್ದು ಮುಂದಿನ ಹಾಲುಹಲ್ಲು ಉದುರಿಸ್ಕೊಂಡಿದ್ದು ನಾನು. ಎರಡು ವರ್ಷದ ಮಗೂಗೆ ಹಲ್ಲು ಉದುರುತ್ತೇನೋ? ವರ್ಷಗಟ್ಟಲೆ ಕೇಳಿ ಕೇಳಿ ಸಾಕಾಗಿದೆ ನಂಗೆ. ಹೊಯ್ದೋನು ನೀನು."

ಹರ್ಖಧನನ ಮುಖದ ಮೇಲೆ ಹಳೆಯದೊಂದು ನೆನಪು ನಿಧಾನವಾಗಿ ಪಕ್ಕ ತಿರುಗುವುದು ಕಾಣಿಸಿತು.

"ಹಳದಿ ಅಂಗಿ," ಎಂದ ಮೆಲ್ಲಗೆ. "ಹೌದು ಕಣೋ. ನನ್ನ ಕೆನ್ನೆ ಆ ಹಳದಿ ಅಂಗಿಗೆ ಒತ್ಕೊಂಡಿತ್ತು. ಹಾಗಾದ್ರೆ ನಾನು ಬೆನ್ನ ಮೇಲಿದ್ದೆ."

ಕಿಟಕಿಯ ಹತ್ತಿರ ಕಿರಿಯ ಜೋಯಿಸ ಬೆರಳಿನ ಗೆಣ್ಣು ಎಣಿಸುತ್ತಿದ್ದ. ಲೆಕ್ಕ ಕಂಡರೆ ಬಿಡುವವನಲ್ಲ ಅವನು. "ಆನೆ ಬಂದಿದ್ದು ಕೊಳದ ಕಲ್ಲಲ್ಲಿ ಕೆತ್ತಿದ್ದಾರೆ, ಇವತ್ತಿಗೆ ಎಪ್ಪತ್ತು ವರ್ಷ. ಎಪ್ಪತ್ತಕ್ಕೆ ಏಳು ಸೇರಿದ್ರೆ ಎಪ್ಪತ್ತೇಳು. ಪ್ರಧಾನರು ಹುಟ್ಟಿದ್ದು ಚೈತ್ರ ಶುದ್ಧ ಪಂಚಮಿ. ಏಳು ತಿಂಗಳು, ಏಳು ದಿನ..." ಅವನ ಕಣ್ಣು ದೊಡ್ಡದಾಯಿತು. "ಅಯ್ಯೋ, ಕಾರ್ತಿಕ ದ್ವಾದಶಿ. ಇನ್ನು ಮೂವತ್ತಮೂರೇ ದಿನ. ನಮ್ಮಪ್ಪ ಅದೆಂಥ ತಪ್ಪು ಬರೆದಿಟ್ಟಿದ್ದಾನೆ. ಸ್ವಲ್ಪದರಲ್ಲಿ ರಥವೇ ತಪ್ಪಿಹೋಗ್ತಿತ್ತು."

"ರಥ," ಎಂದಿತು ಸಾಲಿನ ಕೊನೆಯಲ್ಲಿದ್ದ ಒಂದು ಮಗು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಆ ಕುಲದಲ್ಲಿ ರಥ ಹತ್ತಿದವರು ಎರಡು ತಲೆಮಾರಿನಿಂದ ಇರಲಿಲ್ಲ. ಹಿರಿಯಜ್ಜ ತೊಂಬತ್ತೊಂದು ಬದುಕಿದರೂ ಎಪ್ಪತ್ತೇಳರ ವರ್ಷ ಪ್ಲೇಗು ಬಂದು ರಥ ತಪ್ಪಿತ್ತು. ಸೊಸೆಯಂದಿರು ಆಗಲೇ ಯಾರಿಗೆ ಯಾವ ಸೀರೆ ಎಂದು ಶುರುಮಾಡಿದರು. ಪ್ರಧಾನರ ಗಂಡುಮಕ್ಕಳು ಇಬ್ಬರೂ ಚಕ್ರಕ್ಕೆ ಸಾಲಮರ ಒಳ್ಳೆಯದೋ ಚಂಪಕದ ಮರವೋ ಎಂದು ಜಗಳಕ್ಕೆ ನಿಂತರು.

ಪ್ರಧಾನರು ನಿಂತೇ ಇದ್ದರು. ತಾವು ಏನು ಹೇಳಿದೆವೆಂಬುದು ಅವರಿಗೆ ಈಗ ಕಾಲಿನಿಂದ ಮೇಲಕ್ಕೆ ಏರುತ್ತಿತ್ತು.

"ನಿಲ್ಲಿ, ನಿಲ್ಲಿ," ಎಂದರು. "ಕೋಪದಲ್ಲಿ ಏನೋ ಅಂದೆ. ಜಾತಕ ಇದೆಯಲ್ಲ. ಜಾತಕಕ್ಕಿಂತ ನನ್ನ ಬಾಯಿ ದೊಡ್ಡದಾ?"

ಆಗ ಹರ್ಖಧನ ಎದ್ದ. ಟೋಪಿ ತೆಗೆದು ಕೆಳಗಿಟ್ಟ. ಗಾದಿಯನ್ನು ತಾನೇ ಒಂದು ಸಲ ಕೊಡವಿ ಪಕ್ಕಕ್ಕೆ ಸರಿದ. ತನ್ನ ಎಲೆಯ ಮೇಲಿದ್ದ ಬಲಗಣ್ಣನ್ನು ಎರಡೂ ಕೈಯಿಂದ ಎತ್ತಿ ಪ್ರಧಾನರ ಎಲೆಗೆ ಇಟ್ಟು, ಮೊಣಕಾಲೂರಿ, ಅವರ ಪಾದಕ್ಕೆ ಹಣೆ ಹಚ್ಚಿದ.

"ಅಣ್ಣಾ," ಎಂದ. "ತಪ್ಪಾಯ್ತು. ಅಂಗಿದೂ ತಪ್ಪಾಯ್ತು."

ತೇಜಮಯಿ ಹೂಜಿ ಹಿಡಿದು ನಿಂತಿದ್ದಳು. ಇನ್ನು ಅವಳ ಕೈಯಲ್ಲಿ ಏನೂ ಇರಲಿಲ್ಲ. ಆ ಕಣ್ಣನ್ನು ಅವರು ತಿಂದರೆ ಅವರು ಹಿರಿಯರು, ಎಪ್ಪತ್ತೇಳರವರು. ಪಕ್ಕಕ್ಕೆ ಸರಿಸಿದರೆ ಜಾತಕವೇ ಸರಿ, ಮತ್ತೆ ಹುಣ್ಣಿಮೆ, ಮತ್ತೆ ಮಾಡು. ಪ್ರಧಾನರು ಎಲೆ ನೋಡಿದರು. ಕಾಲ ಬುಡದಲ್ಲಿದ್ದ ಹರ್ಖಧನನ ಬೋಳು ನೆತ್ತಿ ನೋಡಿದರು. ಎಷ್ಟೋ ಜನ ಅವರ ಕಾಲಿಗೆ ಬಿದ್ದಿದ್ದರು, ಹೆದರಿ. ಇವನು ಬಿದ್ದದ್ದು ಅವರು ಅಣ್ಣ ಎಂದು. ಅವರಿಗೆ ಹಾಗೆ ಅಣ್ಣನಾಗದೆ ಇಪ್ಪತ್ತೈದು ವರ್ಷವಾಗಿತ್ತು.

ಆಮೇಲೆ ಅವರು ತಲೆ ಎತ್ತಿ ತೇಜಮಯಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ರಾಜ್ಯದ ಎಲ್ಲ ಮುಖಗಳನ್ನೂ ಓದಿದ ಅವರು ಈ ಮುಖವನ್ನು ಓದುತ್ತಿರುವುದು ಇದೇ ಮೊದಲು ಎಂಬಂತಿತ್ತು. ಅವಳು ಕಣ್ಣು ಕೆಳಗಿಳಿಸಲಿಲ್ಲ.

ಪ್ರಧಾನರು ಗಾದಿಯ ಮೇಲೆ ಕೂತರು. ಬಲಗಣ್ಣು ಎತ್ತಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಉಪ್ಪು ಕಡಿಮೆ," ಎಂದರು.

ಮಾರನೆಯ ಬೆಳಿಗ್ಗೆ ಉಮರಾವ ಗಜಸಿಂ ಎಂದಿನಂತೆ ಏಣಿ ಹತ್ತಿ ಬಂದ. ಮಾಳಿಗೆಯ ಮೇಲೆ ಪ್ರಧಾನರು ಬೋರಲು ಮಲಗಿರಲಿಲ್ಲ. ಬಿಳಿ ಬಟ್ಟೆ ಉಟ್ಟು, ಸುತ್ತ ಎಂಟು ಮೊಮ್ಮಕ್ಕಳ ಕಾವಲಿನಲ್ಲಿ, ಸೆಟೆದು ಕೂತಿದ್ದರು. ಮುದ್ರೆಯ ಪೆಟ್ಟಿಗೆ ಬೆಳಗಾಗುವ ಮೊದಲೇ ಅರಮನೆ ಸೇರಿತ್ತು.

"ಪ್ರಧಾನರೇ, ಆ ವಿಷಯ..." ಎಂದು ಉಮರಾವ ಶುರುಮಾಡಿದ.

"ಹೂವು ತಂದಿದ್ದೀರಾ?" ಎಂದಳು ತೇಜಮಯಿ.

"ಏನು ಹೂವು?"

"ದೇವರ ಹತ್ರ ಬರಿಗೈಲಿ ಬರ್ತಾರೇನಪ್ಪ?"

"ಒಂದು ಮಾತು ಆಡಿ ಹೋಗ್ತೀನಿ ಅಷ್ಟೇ, ಅಮ್ಮ."

"ನಾಲಿಗೆಗೆ ಹುಳ ಬೀಳುತ್ತೆ," ಎಂದಳು ಐದು ವರ್ಷದ ಮೊಮ್ಮಗಳು, ಉಮರಾವನ ಬಾಯಿಯನ್ನೇ ನೋಡುತ್ತ. ಹುಳ ಬೀಳುವುದನ್ನು ನೋಡಬೇಕೆಂಬ ಆಸೆ ಅವಳ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಉಮರಾವ ಪ್ರಧಾನರ ಕಡೆ ನೋಡಿದ. ಪ್ರಧಾನರ ತುಟಿ ಅಲುಗಿತು. ನಲವತ್ತು ವರ್ಷದ ಅಭ್ಯಾಸ ಒಂದು ರಾತ್ರಿಗೆ ಹೋಗುವುದಿಲ್ಲ. ಆದರೆ ಎಂಟು ಮಕ್ಕಳ ಹದಿನಾರು ಕಣ್ಣು ಅವರ ಮೇಲಿದ್ದವು. ಅವರು ನಿಟ್ಟುಸಿರು ಬಿಟ್ಟು, ಹರಿವಾಣದಿಂದ ಅಕ್ಷತೆ ತೆಗೆದು, ಉಮರಾವನ ಹಣೆಗೆ ಮೆತ್ತಿದರು.

"ರಾಜನಿಗೆ ನಿಯತ್ತಾಗಿರು ಗಜಸಿಂ," ಎಂದರು. "ಮುದ್ರೆ ಈಗ ಅವನ ಕೈಲಿದೆ. ಕೋಟೆ ಬಾಗಿಲು ಭದ್ರ ಮಾಡ್ಕೊ. ಪೂರ್ವದೋರಿಗೆ, ನಾನು ಸತ್ತೆ ಅಂತ ಹೇಳಿ ಕಳಿಸು. ಅರ್ಧ ನಿಜಾನೇ."

"ಮತ್ತೆ," ಎಂದಳು ತೇಜಮಯಿ, "ರಥ ಎಳೆಯೋಕೆ ನಿಮ್ಮ ಕೋಟೆಯಿಂದ ಇಪ್ಪತ್ತು ಜನ ಬೇಕು. ಗಟ್ಟಿಯೋರು."

ಉಮರಾವ ಹಣೆಯ ಅಕ್ಷತೆ ಮುಟ್ಟಿ ನೋಡಿಕೊಳ್ಳುತ್ತ ಏಣಿ ಇಳಿದು ಹೋದ. ಹುಣ್ಣಿಮೆಯ ದಿನ ಸೇತುವೆ ದಾಟಿ ಬಂದದ್ದು ಒಂದು ಹಿಂಡು ಮೇಕೆ ಮಾತ್ರ.

ಕಾರ್ತಿಕ ದ್ವಾದಶಿಗೆ ಬಿಸಿಲು ಬೆಳ್ಳಗಿತ್ತು. ಹಿಮದ ಶಿಖರಗಳು ಮಾಡುಗಳ ಹಿಂದೆಯೇ ಬಂದು ನಿಂತಂತಿದ್ದವು. ರಥ ಕೊನೆಗೂ ಸಾಲಮರದ್ದೇ ಆಗಿತ್ತು. ಮರ ಯಾವುದು, ಬಣ್ಣ ಯಾವುದು, ಯಾವ ಕೇರಿಯವರು ಹಗ್ಗದ ಯಾವ ಕಡೆ ಎಂಬುದನ್ನೆಲ್ಲ ಪ್ರಧಾನರು ಒಳಕೋಣೆಯಲ್ಲಿ ಕೂತೇ ನಡೆಸಿದ್ದರು. ಇಬ್ಬರು ಮಕ್ಕಳಿಗೂ ಬೇರೆ ಬೇರೆ ಗುಟ್ಟು ಹೇಳಿ, ಚಂಪಕದ ಕಡೆಯವನೇ ಸಾಲಮರ ಬೇಕೆಂದು ಬೇಡುವ ಹಾಗೆ ಮಾಡಿದ್ದರು. ಇದು ಹೊಲಸು ಮಾತಲ್ಲ ಎಂದು ಜೋಯಿಸ ಒಪ್ಪಿದ್ದ.

ತೇಜಮಯಿ ಅವರ ಪಕ್ಕದಲ್ಲಿ ಕೂತಳು. ಕೆಂಪು ಅಂಚಿನ ಕಪ್ಪು ಸೀರೆ, ಕಿವಿಗೆ ಅತ್ತೆಯ ಚಿನ್ನ. ಇಡೀ ಊರು ತನ್ನನ್ನೇ ನೋಡುತ್ತಿರುವುದಕ್ಕೆ ಅವಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಡೋಲು, ತಾಳ, ಕಹಳೆ ಶುರುವಾದವು. ಮೇಲಿನ ಕಿಟಕಿಗಳಿಂದ ಹೆಂಗಸರು ಅರಳು ಎರಚಿದರು. ಹಗ್ಗದ ತುದಿಯಲ್ಲಿ ಉಮರಾವನ ಇಪ್ಪತ್ತು ಜನ, ನಡುವೆ ಮಕ್ಕಳು ಮೊಮ್ಮಕ್ಕಳು, ಎಲ್ಲರಿಗಿಂತ ಮುಂದೆ ಬರಿಗಾಲಿನಲ್ಲಿ ಇಂದ್ರಜಯ.

ಗದ್ದಲದ ನಡುವೆ ಪ್ರಧಾನರು ತಲೆ ಅಲ್ಲಾಡಿಸದೆ, ತುಟಿಯನ್ನಷ್ಟೇ ಅಲುಗಿಸಿ ಕೇಳಿದರು. "ನೀನೇ ತಾನೇ?"

"ಏನು?"

"ಆನೆ ಕಥೆ. ಗಾದಿ. ಎಲ್ಲ."

"ದೇವರಿಗೆ ಗೊತ್ತಿಲ್ಲದ್ದು ಏನಿದೆ," ಎಂದಳು ತೇಜಮಯಿ.

ಪ್ರಧಾನರ ಹೊಟ್ಟೆ ಕುಲುಕಿತು, ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು. "ನಲವತ್ತು ವರ್ಷ," ಎಂದರು ನಗುತ್ತಲೇ. "ನಲವತ್ತು ವರ್ಷ ಒಬ್ಬ ಒಳ್ಳೇ ಸಹಾಯಕ ಸಿಗಲಿಲ್ಲ ಅಂತ ಕೊರಗಿದೆ. ಬೆನ್ನ ಹಿಂದೇನೇ ಇದ್ದೆಯಲ್ಲೇ."

"ನೀವು ಯಾವತ್ತು ಕೇಳಿದ್ರಿ?"

ಕೊಳದ ತಿರುವಿನಲ್ಲಿ ಎಡಗಡೆಯ ಹಿಂಚಕ್ರ ಚರಂಡಿಗೆ ಇಳಿದು ರಥ ವಾಲಿತು. "ಹಿಡ್ಕೊಳ್ರೋ, ದೇವರು ಬೀಳ್ತದೆ," ಎಂದು ಹರ್ಖಧನನ ದನಿ ಹಿಂದಿನಿಂದ ಡೋಲನ್ನೂ ಮೀರಿ ಬಂತು. ಅವನು ಹೊಸ ಟೋಪಿ ಸೊಂಟಕ್ಕೆ ಸಿಕ್ಕಿಸಿ, ಬೆನ್ನನ್ನು ಚಕ್ರಕ್ಕೆ ಕೊಟ್ಟು, ಹಲ್ಲು ಕಚ್ಚಿ ತಳ್ಳುತ್ತಿದ್ದ. "ಈ ಸಲ ನಾನೇ ಹೊರ್ತಿದ್ದೀನಿ ಅಣ್ಣಾ, ಎಲ್ರೂ ನೋಡ್ಕೊಳ್ಳಿ."

ರಥ ನಿಂತ ಹೊತ್ತಿಗೆ ಇಂದ್ರಜಯ ಹಗ್ಗ ಬಿಟ್ಟು ಹತ್ತಿರ ಬಂದ. ಅಂಗೈ ಎರಡೂ ಬೊಬ್ಬೆ ಬಂದಿದ್ದವು. ಅವನು ಚಕ್ರದ ಅಚ್ಚಿನ ಮೇಲೆ ಹತ್ತಿ ನಿಂತು ಪ್ರಧಾನರ ಮುಂದೆ ತಲೆ ಬಗ್ಗಿಸಿದ.

"ಆಶೀರ್ವಾದ ಮಾಡಿ ಅಜ್ಜ."

"ಏನು ಬೇಕು ಕೇಳು."

"ಪಶ್ಚಿಮದೋನು ಈ ಕಡೆ ಬರಬಾರದು."

ಪ್ರಧಾನರು ಸುಳ್ಳು ಹೇಳಬಹುದಿತ್ತು. "ಅವನು ಬರ್ತಾನೆ ಮಗಾ," ಎಂದರು. "ಇವತ್ತಲ್ಲ ನಾಳೆ ಬಂದೇ ಬರ್ತಾನೆ. ಅದು ನನ್ನ ಕೈಲಿಲ್ಲ. ಬೇರೆ ಕೇಳು."

ಹುಡುಗ ಯೋಚಿಸಿದ. ಸುತ್ತ ನೋಡಿದ. ಕಿಟಕಿಗಳ ತುಂಬ ಮುಖಗಳು, ಗಾಳಿಯಲ್ಲಿ ಅರಳು, ಚಕ್ರಕ್ಕೆ ಬೆನ್ನು ಕೊಟ್ಟು ಬೈಯುತ್ತಿರುವ ಹರ್ಖಧನ.

"ಹಾಗಾದ್ರೆ ನಂಗೂ ಎಪ್ಪತ್ತೇಳು ಆಗ್ಲಿ," ಎಂದ.

ತೇಜಮಯಿ ಗಂಡನ ಕಡೆ ತಿರುಗಿದಳು. ಪ್ರಧಾನರ ಕೈ ಮೇಲೆದ್ದಿತು. ಅವರು ಹುಡುಗನ ಕೂದಲಿಗೆ ಸಿಕ್ಕಿಕೊಂಡಿದ್ದ ಒಂದು ಅರಳನ್ನು ಮೊದಲು ತೆಗೆದರು, ಆಮೇಲೆ ಅಂಗೈಯನ್ನು ಪೂರ್ತಿಯಾಗಿ ಅವನ ನೆತ್ತಿಯ ಮೇಲೆ ಊರಿದರು.

"ಆಗಲಿ," ಎಂದರು. "ಎಪ್ಪತ್ತೇಳು ವರ್ಷ, ಏಳು ತಿಂಗಳು, ಏಳು ದಿನ. ಅದಕ್ಕೆ ಒಂದು ದಿನ ಕಡಿಮೆಯಾದ್ರೂ ನನ್ನನ್ನ ಬಂದು ಕೇಳು."

ಹುಡುಗ ನಕ್ಕು ಕೆಳಗೆ ಹಾರಿ ಹಗ್ಗ ಹಿಡಿದ. ಹರ್ಖಧನ ಹಿಂದಿನಿಂದ ಕೂಗಿದ. ಎಲ್ಲರೂ ಒಟ್ಟಿಗೆ ಎಳೆದರು, ಮತ್ತು ಚಕ್ರ ಚರಂಡಿಯಿಂದ ಎದ್ದು ಬಂತು.